ಎತ್ತರ ಅಳೆದರೆ ಸಾಲದು: ಟೂಸಾನ್ ಮನೆಯಂಗಳಗಳ ಕಳೆ ನಿಯಮ

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಸೊನೊರನ್ ಮರುಭೂಮಿಯ ನಡುವಿನ ಊರು. ಅಂಗಳದಲ್ಲಿ ಯಾವ ಗಿಡ ಕೂಡದು ಎಂಬ ಪ್ರಶ್ನೆ ಅಲ್ಲಿ ಕಾನೂನಿನ ಮೆಟ್ಟಿಲೇರಿದ್ದು ಪರಾಗದ ಕಾಟದಿಂದ. ಒಣಹವೆ ಉಸಿರಾಟಕ್ಕೆ ಒಳ್ಳೆಯದೆಂದು ಬಂದು ನೆಲೆಸಿದವರೂ ನೆರಳಿಗೆಂದು ಹಿಪ್ಪುನೇರಳೆ, ಆಲಿವ್ ನೆಟ್ಟಿದ್ದರು. ಹಣ್ಣುದುರಿ ನೆಲ ಗಲೀಜಾಗಬಾರದೆಂದು ಆರಿಸಿಕೊಂಡ ಗಂಡು ಹಿಪ್ಪುನೇರಳೆ ವಸಂತ ಬಂದರೆ ಪರಾಗವನ್ನು ಗಾಳಿಗೆ ತೂರುತ್ತಿತ್ತು. 1980ರ ದಶಕದಲ್ಲಿ ಟೂಸಾನ್ ಇರುವ ಪೀಮಾ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಈ ಮರಗಳ ಮಾರಾಟವನ್ನೂ ನೆಡುವುದನ್ನೂ ತಡೆಯಿತು. ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿ 1991ರಲ್ಲಿ ಅದೇ ದಾರಿ ಹಿಡಿಯಿತು.

ಆಮೇಲಿನದು ನೀರಿನ ಚಿಂತೆ. ಅರಿಜೋನಾದ 1980ರ ಅಂತರ್ಜಲ ಕಾಯ್ದೆಯ ಬೆನ್ನಿಗೆ, 1991ರಲ್ಲಿ ಟೂಸಾನ್ ನಗರ ಕಡಿಮೆ ನೀರಿನ ತೋಟಗಾರಿಕೆಯ ನಿಯಮ ತಂದಿತು. ಹೊಸ ವಾಣಿಜ್ಯ ಕಟ್ಟಡಗಳ ಸುತ್ತ ಹುಲ್ಲುಹಾಸು ಕಡಿಮೆಯಾಗಿ, ಬರ ತಾಳುವ ಗಿಡಗಳಿಗೆ ಬೆಲೆ ಬಂತು. ನಿಯಮ ಸರಿಯಾದದ್ದೇ. ಆದರೆ ನೀರಿಲ್ಲದೆ ಬದುಕುವ ಪರದೇಶಿ ಗಿಡ ಬೇಲಿ ದಾಟಿದರೂ ಬದುಕುತ್ತದೆ. ಗುಲಾಬಿ ತೆನೆಯ ಫೌಂಟನ್ ಗ್ರಾಸ್ ಎಂಬ ಅಲಂಕಾರದ ಹುಲ್ಲು ನರ್ಸರಿಯಿಂದ ಅಂಗಳಕ್ಕೆ, ಅಂಗಳದಿಂದ ಹಳ್ಳಕ್ಕೆ, ಹಳ್ಳದಿಂದ ಗುಡ್ಡಕ್ಕೆ ಏರಿತು.

ಅದಕ್ಕಿಂತ ಅಪಾಯದ್ದು ಬಫೆಲ್ ಹುಲ್ಲು. ಭಾರತದ ಒಣಸೀಮೆಯಲ್ಲಿ ಅಂಜನ್ ಎಂಬ ಹೆಸರಿನಲ್ಲಿ ಮೇವಿಗೆ ಬೆಳೆಸುವ ಹುಲ್ಲೇ ಇದು. ದನಗಳ ಮೇವಿಗೆ, ಮಣ್ಣು ಕೊಚ್ಚದಿರಲೆಂದು ಅಮೆರಿಕದ ಸರ್ಕಾರಿ ಇಲಾಖೆಗಳೇ 1930–40ರ ದಶಕಗಳಲ್ಲಿ ತಂದು ಹರಡಿದವು. ಬಳ್ಳಾರಿ ಜಾಲಿ ನಮ್ಮ ಗೋಮಾಳಗಳನ್ನು ನುಂಗಿದ್ದನ್ನು ಕಂಡವರಿಗೆ ಮುಂದಿನದು ಊಹೆಗೆ ಸಿಗುತ್ತದೆ. ಸೊನೊರನ್ ಮರುಭೂಮಿಯಲ್ಲಿ ಗಿಡದಿಂದ ಗಿಡಕ್ಕೆ ಬರಿನೆಲದ ಅಂತರವಿರುತ್ತದೆ, ಹಾಗಾಗಿ ಬೆಂಕಿ ಹಬ್ಬುವುದು ಅಪರೂಪ. ಬಫೆಲ್ ಆ ಅಂತರವನ್ನೇ ತುಂಬುತ್ತದೆ. ಒಣಗಿದ ಹುಲ್ಲು ಉರಿದರೆ ಜ್ವಾಲೆಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನೂರು ವರ್ಷ ದಾಟಿದ ಸಗ್ವಾರೊ ಕಳ್ಳಿಯೂ ಬೇಯುತ್ತದೆ, ಹುಲ್ಲು ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. 2005ರಲ್ಲಿ ಅರಿಜೋನಾ ಇದನ್ನು ಹಾನಿಕರ ಕಳೆಗಳ ಪಟ್ಟಿಗೆ ಸೇರಿಸಿತು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಅಂಗಳ ಶುದ್ಧವಾಗಲಿಲ್ಲ. ಅರಿಜೋನಾದ ನಗರಗಳ ಕಳೆ ನಿಯಮಗಳು ಹೆಚ್ಚಾಗಿ ಎತ್ತರವನ್ನಷ್ಟೇ ನೋಡುತ್ತವೆ. ಫೀನಿಕ್ಸ್‌ನಲ್ಲಿ ಆ ಮಿತಿ 6 ಅಂಗುಲ. ನೋಟಿಸು ಬಂದ ಮನೆಯವರು ಹುಲ್ಲು ಕತ್ತರಿಸುವ ಯಂತ್ರದಿಂದ ಸವರಿ ಸುಮ್ಮನಾಗುತ್ತಾರೆ. ನಿಯಮ ಪಾಲಿಸಿದಂತಾಯಿತು, ಬುಡ ಹಾಗೇ ಉಳಿಯಿತು, ತೆನೆ ಬಿಟ್ಟಿದ್ದರೆ ಬೀಜ ಪಕ್ಕದ ಅಂಗಳಕ್ಕೂ ಹಾರಿತು.

ಕೀಳುವ ಸರಿಯಾದ ಕ್ರಮ ಬೇರೆ. ಮೊದಲು ಗುರುತು ಖಚಿತವಾಗಬೇಕು: ತೆನೆಯ ಬೀಜ ಸವರಿ ತೆಗೆದಾಗ ಉಳಿಯುವ ದಂಟು ಬೆರಳಿಗೆ ಉಪ್ಪುಕಾಗದದಂತೆ ಒರಟಾಗಿ ತಾಗಿದರೆ ಅದು ಬಫೆಲ್. ತೆನೆಗಳನ್ನು ಕತ್ತರಿಸಿ ದಪ್ಪ ಚೀಲದಲ್ಲಿ ಕಟ್ಟಿಡಿ. ಹಾರೆಯನ್ನು ಬುಡದ ಕೆಳಕ್ಕೆ ಓರೆಯಾಗಿ ಇಳಿಸಿ ಗೆಡ್ಡೆಯಂಥ ಬುಡವನ್ನು ಪೂರ್ತಿ ಎಬ್ಬಿಸಬೇಕು, ಬೇರಿಗಂಟಿದ ಮಣ್ಣನ್ನು ಅಲ್ಲೇ ಕೊಡವಬೇಕು. ಮಳೆಯ ನಂತರ ನೆಲ ಮೆತ್ತಗಿದ್ದಾಗ ಕೆಲಸ ಸಲೀಸು. ಮಣ್ಣಿನಲ್ಲಿ ಉಳಿದ ಬೀಜ ಕೆಲವು ವರ್ಷ ಮೊಳೆಯುವುದರಿಂದ, ಪ್ರತಿ ಮಳೆಗಾಲ ಮುಗಿದಾಗ ಅದೇ ಜಾಗವನ್ನು ಮತ್ತೆ ನೋಡಬೇಕು. ಜಲ್ಲಿಯ ಕೆಳಗೆ ಪ್ಲಾಸ್ಟಿಕ್ ಹಾಸಿದರೂ ಪ್ರಯೋಜನ ಕಡಿಮೆ. ಜಲ್ಲಿಯ ಮೇಲೆ ಕೂತ ಧೂಳಿನಲ್ಲೇ ಬೀಜ ಬೇರು ಬಿಡುತ್ತದೆ.

ಗ್ಲೈಫೋಸೇಟ್ ಎಂಬ ಕಳೆನಾಶಕ ಸಿಂಪಡಿಸುವವರಿಗೆ ಕಾಲಾವಕಾಶ ಇನ್ನೂ ಚಿಕ್ಕದು. ಎಲೆ ಅರ್ಧಕ್ಕಿಂತ ಹೆಚ್ಚು ಹಸಿರಾಗಿದ್ದರೆ ಮಾತ್ರ ಔಷಧ ಬುಡಕ್ಕಿಳಿಯುತ್ತದೆ. ಟೂಸಾನ್‌ನಲ್ಲಿ ಅಂಥ ದಿನಗಳು ಹೆಚ್ಚಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಬೆನ್ನಿಗೆ ಬರುವ ಕೆಲವು ವಾರ ಮಾತ್ರ.

2020ರಲ್ಲಿ ಪಟ್ಟಿ ಸೇರಿದ, ದಕ್ಷಿಣ ಆಫ್ರಿಕಾ ಮೂಲದ ಹಳದಿ ಗುಂಡುಹೂವಿನ ಸ್ಟಿಂಕ್‌ನೆಟ್‌ನ ಲೆಕ್ಕ ಬೇರೆ. ಅದು ಚಳಿಗಾಲದ ಗಿಡ, ಹೂ ಬಿಡುವ ಮುನ್ನ ಕೈಗವಸು ಹಾಕಿ ಕಿತ್ತರೆ ಸಾಕು. ಸುಡಲೇಬಾರದು, ಅದರ ಹೊಗೆ ಕಣ್ಣು, ಗಂಟಲು ಉರಿಸುತ್ತದೆ.

ಹಾಗಾಗಿ ನಿಯಮದಲ್ಲಿ ಗಿಡದ ಹೆಸರಿರಬೇಕು, ಬುಡ ಕೀಳಬೇಕೆಂಬ ಮಾತಿರಬೇಕು, ನೋಟಿಸಿಗೆ ಋತುವಿರಬೇಕು. ಬಫೆಲ್‌ಗೆ ಮೇ ತಿಂಗಳಲ್ಲಿ ಕೊಟ್ಟ ನೋಟಿಸು ಒಣಹುಲ್ಲನ್ನು ಸವರಿಸುತ್ತದೆ. ಅದನ್ನೇ ಆಗಸ್ಟ್‌ನಲ್ಲಿ ಕೊಟ್ಟರೆ ನೆಲವೂ ಮೆತ್ತಗಿರುತ್ತದೆ, ಎಲೆಯೂ ಹಸಿರಿರುತ್ತದೆ.