ಪಥ್ಯ: ಬೇಡ ಅನ್ನುವುದಷ್ಟೇ ಅಲ್ಲ

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಅಂತ ನಮ್ಮಲ್ಲೊಂದು ಗಾದೆ ಇದೆ. ಎರಡೂ ಕೂಡಿಬಂದರೆ ಅದೃಷ್ಟ ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಅಂದರೆ ವೈದ್ಯರು ಹೇಳುವುದು ಒಂದು, ನಾಲಿಗೆ ಕೇಳುವುದು ಇನ್ನೊಂದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೇವೆ, ಅಲ್ವಾ? ಪಥ್ಯ ಅಂದ ಕೂಡಲೇ ನೆನಪಾಗುವುದು ಉಪ್ಪು ಖಾರ ಇಲ್ಲದ ಸಪ್ಪೆ ಊಟ, ಜೊತೆಗೆ ‘ಬೇಡ’ಗಳ ದೊಡ್ಡ ಪಟ್ಟಿ.

ಪದದ ಒಳಗೆ ಮಾತ್ರ ‘ಬೇಡ’ ಅನ್ನುವುದು ಎಲ್ಲೂ ಇಲ್ಲ. ಪಥ ಅಂದರೆ ದಾರಿ. ದಾರಿ ಬಿಟ್ಟು ಹೋಗದ್ದು ಪಥ್ಯ. ಯಾವ ದಾರಿ? ದೇಹದೊಳಗೆ ಆಹಾರದ ಸಾರ ಹರಿಯುವ ಹಾದಿಗಳು ಅಂತ ಹಳೆಯ ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಆಯುರ್ವೇದದಲ್ಲಿ ಇವನ್ನು ಸ್ರೋತಸ್ಸು ಅನ್ನುತ್ತಾರೆ. ಆ ಹಾದಿಗಳನ್ನು ಕೆಡಿಸದ ಊಟ, ನಡವಳಿಕೆ ಎಲ್ಲವೂ ಪಥ್ಯವೇ. ಕೆಡಿಸುವುದು ಅಪಥ್ಯ.

ಆಯುರ್ವೇದದ ಹಳೆಯ ಗ್ರಂಥ ಚರಕಸಂಹಿತೆಯ ಮೊದಲ ಭಾಗವಾದ ಸೂತ್ರಸ್ಥಾನದ 25ನೇ ಅಧ್ಯಾಯದಲ್ಲಿ ಪಥ್ಯ ಅಂದರೆ ಏನು ಅಂತ ಹೇಳುವಾಗ ಇನ್ನೊಂದು ಮಾತೂ ಸೇರಿದೆ: ಅದು ‘ಮನಸಃ ಪ್ರಿಯಂ’, ಮನಸ್ಸಿಗೆ ಹಿಡಿಸುವಂಥದ್ದು. ನನಗೆ ತುಂಬಾ ಇಷ್ಟವಾದ ಭಾಗ ಇದು. ಮೂಗು ಹಿಡಿದು ನುಂಗುವುದೇ ಪಥ್ಯ ಅಂತ ನಾವು ಅಂದುಕೊಂಡಿದ್ದರೆ, ಅಲ್ಲಿ ಮನಸ್ಸಿನ ಒಪ್ಪಿಗೆಯೂ ಲೆಕ್ಕಕ್ಕೆ ಬರುತ್ತದೆ. ಕನ್ನಡದಲ್ಲಿ ಈ ಅರ್ಥ ಇನ್ನೂ ಉಳಿದಿದೆ. ‘ಅವನ ಮಾತು ಯಾಕೋ ಅವರಿಗೆ ಪಥ್ಯವಾಗಲಿಲ್ಲ’ ಅನ್ನುತ್ತೇವೆ. ಅಲ್ಲಿ ಹೊಟ್ಟೆಯ ವಿಷಯವೇ ಇಲ್ಲ.

ಅದೇ ಜಾಗದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಇಂಥ ಪದಾರ್ಥ ಯಾವಾಗಲೂ ಪಥ್ಯ, ಇಂಥದ್ದು ಯಾವಾಗಲೂ ಅಪಥ್ಯ ಅಂತ ಗೆರೆ ಎಳೆಯುವ ಹಾಗಿಲ್ಲ. ಎಷ್ಟು ತಿಂದರು, ಯಾವ ಕಾಲದಲ್ಲಿ, ಹೇಗೆ ಬೇಯಿಸಿದ್ದು, ಯಾವ ಸೀಮೆಯಲ್ಲಿ, ಯಾರ ದೇಹಕ್ಕೆ, ಯಾವ ದೋಷ ಕೆರಳಿದಾಗ, ಇದೆಲ್ಲ ನೋಡಿ ಹೇಳಬೇಕು. ವಾತ, ಪಿತ್ತ, ಕಫ ಅನ್ನುವ ಮೂರು ದೋಷಗಳ ಲೆಕ್ಕ ಬರುವುದು ಇಲ್ಲಿಯೇ. ಹಾಗಾಗಿ ಪಕ್ಕದ ಮನೆಯವರ ಪಥ್ಯದ ಚೀಟಿಯನ್ನು ಸುಮ್ನೆ ನಕಲು ಮಾಡಿಕೊಂಡರೆ ಅದು ಆಯುರ್ವೇದ ಆಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ಪಂಚಕರ್ಮ ಅನ್ನುವ ಆಯುರ್ವೇದ ಚಿಕಿತ್ಸೆಯಲ್ಲಿ ವಾಂತಿ ಇಲ್ಲವೇ ಭೇದಿ ಮಾಡಿಸಿ ಶೋಧನೆ, ಅಂದರೆ ದೇಹಶುದ್ಧಿ, ಮಾಡಿದ ಮೇಲೆ ನೇರವಾಗಿ ಊಟಕ್ಕೆ ಕೂರಿಸುವುದಿಲ್ಲ. ಮೊದಲು ತೆಳು ಗಂಜಿ, ಅದು ಪೇಯ. ಆಮೇಲೆ ಗಟ್ಟಿ ಗಂಜಿ, ವಿಲೇಪಿ. ಆಮೇಲೆ ಬೇಳೆಯ ಕಟ್ಟು. ಮೊದಲು ಒಗ್ಗರಣೆ ಇಲ್ಲದ್ದು, ನಂತರ ಉಪ್ಪು ತುಪ್ಪ ಸೇರಿಸಿದ್ದು. ಕೊನೆಗೆ ಮಾಂಸದ ರಸ. ಹೌದು, ಮಾಂಸದ್ದೇ. ಪಥ್ಯ ಅಂದರೆ ಸಸ್ಯಾಹಾರ ಅಂತ ತಿಳಿದವರಿಗೆ ಇದು ಅಚ್ಚರಿ ಅನ್ನಿಸಬಹುದು. ಶೋಧನೆ ಪೂರ್ತಿಯಾಗಿ ಆಗಿದ್ದರೆ ಈ ಕ್ರಮ 12 ಊಟಗಳವರೆಗೆ, ಹೆಚ್ಚುಕಡಿಮೆ 7 ದಿನ ನಡೆಯುತ್ತದೆ. ಇದಕ್ಕೆ ಸಂಸರ್ಜನ ಕ್ರಮ ಅಂತ ಹೆಸರು. ಯಾಕೆ ಇಷ್ಟು ನಿಧಾನ ಅನ್ನುವುದಕ್ಕೆ ಚರಕಸಂಹಿತೆ ಒಲೆಯ ಹೋಲಿಕೆ ಕೊಡುತ್ತದೆ. ಸಣ್ಣ ಕಿಡಿಗೆ ಮೊದಲು ಹುಲ್ಲು, ಬೆರಣಿ ಹಾಕಿ ಉರಿ ಏರಿಸುತ್ತಾರೆ. ಒಮ್ಮೆಗೇ ದಪ್ಪ ಕೊರಡು ಇಟ್ಟರೆ ಕಿಡಿ ಆರಿಹೋಗುತ್ತದೆ. ಜೀರ್ಣಶಕ್ತಿಯೂ ಹಾಗೇ. ಅದನ್ನು ಅಗ್ನಿ ಅಂತ ಕರೆದಿರುವುದೂ ಇದಕ್ಕೆ ಸರಿಹೊಂದುತ್ತದೆ.

ಪಥ್ಯದಲ್ಲಿ ಊಟ ಅರ್ಧ ಮಾತ್ರ. ಉಳಿದರ್ಧ ವಿಹಾರ, ಅಂದರೆ ನಿದ್ದೆ, ಓಡಾಟ, ಮನಸ್ಸಿನ ಸ್ಥಿತಿ. ಹೊಸದಾಗಿ ಬಂದ ಜ್ವರದಲ್ಲಿ ಏನು ಬಿಡಬೇಕು ಅನ್ನುವ ಪಟ್ಟಿಯಲ್ಲಿ ಹಗಲು ನಿದ್ದೆ, ಸ್ನಾನ, ಜೋರು ಗಾಳಿ, ವ್ಯಾಯಾಮದ ಜೊತೆ ಕೋಪವೂ ಇದೆ. ಜ್ವರ ಬಂದವರ ಹತ್ತಿರ ಜಗಳ ತೆಗೆಯಬೇಡಿ ಅಂತ ಮನೆಯವರಿಗೂ ಹೇಳಿದ ಹಾಗಾಯಿತು!

ಬಾಣಂತಿ ಪಥ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಲವು ಮನೆಗಳಲ್ಲಿ ಪಥ್ಯದ ಹೆಸರಲ್ಲಿ ಬಾಣಂತಿಗೆ ನೀರನ್ನೂ ಅಳೆದು ಕೊಡುತ್ತಾರೆ. ಇದು ತಪ್ಪು. ಹಾಲುಣಿಸುವ ತಾಯಿಗೆ ನೀರು ಜಾಸ್ತಿಯೇ ಬೇಕು. ಹಳೆಯ ಗ್ರಂಥಗಳೂ ಹೆರಿಗೆಯಾದವಳಿಗೆ ತುಪ್ಪ, ಗಂಜಿ ಕೊಡಿ ಅನ್ನುತ್ತವೆಯೇ ಹೊರತು ಒಣಗಿಸಿ ಅನ್ನುವುದಿಲ್ಲ. ಹಾಗೆಯೇ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಪಥ್ಯ ಅಂತ ಊಟ ಬಿಟ್ಟರೆ ಸಕ್ಕರೆ ಪ್ರಮಾಣ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೊದಲು ಡಾಕ್ಟರನ್ನು ಕೇಳಬೇಕು.

ಅಳಲೆಕಾಯಿಗೆ ಸಂಸ್ಕೃತದಲ್ಲಿ ಹರೀತಕಿ ಅನ್ನುವುದರ ಜೊತೆಗೆ ‘ಪಥ್ಯಾ’ ಅಂತಲೂ ಹೆಸರಿದೆ. ಹೊಟ್ಟೆಯ ಹಾದಿ ಸರಾಗ ಮಾಡುವ ಕಾಯಿಗೆ ಒಪ್ಪುವ ಹೆಸರೇ.

ಇನ್ನು ಅಪಥ್ಯವೇ ರೂಢಿಯಾಗಿದ್ದರೆ? ಅದನ್ನೂ ಒಂದೇ ದಿನಕ್ಕೆ ಬಿಡಬೇಡಿ ಅನ್ನುತ್ತದೆ ಚರಕಸಂಹಿತೆ. ಕಾಲು ಭಾಗ ಬಿಡಿ, ಆ ಜಾಗಕ್ಕೆ ಒಳ್ಳೆಯದನ್ನು ಕಾಲು ಭಾಗ ತನ್ನಿ. ನಡುವೆ ಒಂದು, ಎರಡು, ಮೂರು ದಿನಗಳ ಅಂತರ ಬಿಟ್ಟು ಉಳಿದ ಭಾಗಗಳನ್ನೂ ಹೀಗೇ ಬದಲಿಸುತ್ತಾ ಹೋಗಿ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಮೊದಲು ಮೂರಕ್ಕೆ ಇಳಿದರೂ ಪಥ್ಯ ಶುರುವಾಯಿತು ಅಂತಲೇ ಲೆಕ್ಕ.