ನೀರು ಹೆತ್ತ ಬೆಂಕಿಬೆಟ್ಟಗಳು

ನ್ಯೂಜಿಲೆಂಡಿನ ಉತ್ತರ ದ್ವೀಪದ ನಟ್ಟನಡುವೆ ಟೊಂಗರಿರೊ, ನೌರುಹೋಯೆ, ರುಆಪೆಹು ಎಂಬ ಮೂರು ಜ್ವಾಲಾಮುಖಿಗಳು ಸಾಲಾಗಿ ನಿಂತಿವೆ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ನಾಯಕ ಹೊರೊನುಕು ತೆ ಹೆಉಹೆಉ 1887ರಲ್ಲಿ ಈ ಪವಿತ್ರ ಶಿಖರಗಳನ್ನು ದೇಶಕ್ಕೆ ಒಪ್ಪಿಸಿದರು. ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹಾಗೆ.

ಬೆಂಕಿಯುಗುಳುವ ಬೆಟ್ಟ ಎಂದರೆ ನಮಗೆ ಶಾಖವಷ್ಟೇ ನೆನಪಾಗುತ್ತದೆ. ಈ ಬೆಟ್ಟಗಳನ್ನು ಹೆತ್ತದ್ದು ನೀರು. ಪೂರ್ವದ ಕಡಲಡಿಯಲ್ಲಿ ಪೆಸಿಫಿಕ್ ಭೂಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ಒಂದು ಭಾರಿ ತುಂಡು, ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ನಂತೆ ದ್ವೀಪದ ಕೆಳಗೆ ತೂರಿಕೊಳ್ಳುತ್ತಿದೆ. ಯುಗಗಟ್ಟಲೆ ಕಡಲಲ್ಲಿ ನೆನೆದ ಅದರ ಖನಿಜಗಳಲ್ಲಿ ನೀರು ಸೇರಿಹೋಗಿರುತ್ತದೆ. ಸುಮಾರು 100 ಕಿಲೋಮೀಟರ್ ಆಳದಲ್ಲಿ, ಒತ್ತಡಕ್ಕೂ ಕಾವಿಗೂ ಸಿಕ್ಕಿ ಆ ನೀರು ಹೊರಬಿದ್ದು ಮೇಲಿನ ಬಿಸಿಬಂಡೆಯನ್ನು ಹೊಕ್ಕುತ್ತದೆ. ನೀರು ಬೆರೆತ ಬಂಡೆ ಒಣಬಂಡೆಗಿಂತ ಕಡಿಮೆ ಕಾವಿಗೇ ಕರಗುತ್ತದೆ! ಹಾಗೆ ಕರಗಿದ ಶಿಲಾಪಾಕ ಮೇಲೇರಿ ಒತ್ತಡ ಇಳಿದಂತೆ, ಅದೇ ನೀರು ಆವಿಯ ಗುಳ್ಳೆಯಾಗಿ, ಮುಚ್ಚಳ ತೆಗೆದ ಸೋಡಾದಂತೆ ಉಕ್ಕುತ್ತದೆ. ಆ ಪಾಕ ಆರಿ ಗಟ್ಟಿಯಾದ ಇಲ್ಲಿನ ಆಂಡಿಸೈಟ್ ಕಲ್ಲನ್ನು ಹತ್ತಿರದಿಂದ ನೋಡಬೇಕು: ಬೂದುಗಪ್ಪು ಮೈ, ಅದರಲ್ಲಿ ಬಿಳಿ ಫೆಲ್ಡ್‌ಸ್ಪಾರ್ ಹರಳುಗಳು, ಅಲ್ಲಲ್ಲಿ ಸಣ್ಣ ತೂತುಗಳು. ಆ ತೂತುಗಳೇ ಗುಳ್ಳೆಗಳಿದ್ದ ಜಾಗ.

ಟೊಂಗರಿರೊ ಎರಡೂವರೆ ಲಕ್ಷ ವರ್ಷಕ್ಕೂ ಹಳೆಯದು. ನೌರುಹೋಯೆ ಅದರದೇ ಮೈಯಿಂದ ಕೆಲವೇ ಸಾವಿರ ವರ್ಷಗಳ ಹಿಂದೆ ಎದ್ದ ಕೂಸು, ಅದಕ್ಕೇ ಅದರ ಶಂಕುವಿನಾಕಾರ ಇನ್ನೂ ಸವೆದಿಲ್ಲ.

2,797 ಮೀಟರ್ ಎತ್ತರದ ರುಆಪೆಹುವಿನ ತುದಿಯಲ್ಲಿ, ಹಿಮದ ನಡುವೆ, ಬಿಸಿಯಾದ ಆಮ್ಲೀಯ ಕೆರೆಯಿದೆ. 1945ರ ಸ್ಫೋಟ ಕೆರೆಯನ್ನು ಬರಿದು ಮಾಡಿ, ಕೋಡಿಯಲ್ಲಿ ಬೂದಿ ಕಲ್ಲುಗಳ ಒಡ್ಡು ಕಟ್ಟಿತು. ಕೆರೆ ಮತ್ತೆ ತುಂಬುತ್ತಾ ಬಂತು. 1953ರ ಡಿಸೆಂಬರ್ 24ರ ರಾತ್ರಿ ಒಡ್ಡು ಒಡೆಯಿತು. ಬಂಡೆ, ಮಂಜುಗಡ್ಡೆ, ಬೂದಿ ಕಲಸಿದ ಕೆಸರುಪ್ರವಾಹ ವಾಂಗಯೆಹು ನದಿಯಲ್ಲಿ ನುಗ್ಗಿ ಟಂಗಿವಾಯ್‌ನ ರೈಲುಸೇತುವೆಯನ್ನು ಮುರಿದುಹಾಕಿತು. ವೆಲಿಂಗ್ಟನ್‌ನಿಂದ ಆಕ್ಲೆಂಡ್‌ಗೆ ಹೊರಟ ರೈಲು ಬರುತ್ತಲೇ ಇತ್ತು. ದಾರಿಹೋಕನೊಬ್ಬ ಟಾರ್ಚ್ ಬೀಸುತ್ತಾ ಹಳಿಯ ಪಕ್ಕ ಓಡಿದ. ರೈಲು ನಿಲ್ಲಲಿಲ್ಲ. ಕ್ರಿಸ್‌ಮಸ್‌ಗೆ ಮನೆ ಸೇರಬೇಕಿದ್ದ 151 ಜನ ಸತ್ತರು.

1995-96ರ ಸ್ಫೋಟಗಳು ಮತ್ತೆ ಅಂಥದೇ ಒಡ್ಡು ಕಟ್ಟಿದವು. ಈ ಸಲ ವಿಜ್ಞಾನಿಗಳು ಕೆರೆಯ ಮಟ್ಟವನ್ನು ಅಳೆಯುತ್ತಾ, ಬೆಟ್ಟದ ಮೈಮೇಲೆ ಸಂವೇದಕಗಳನ್ನಿಟ್ಟು ಕಾದರು. 2007ರ ಮಾರ್ಚ್ 18ರಂದು ಒಡ್ಡು ಒಡೆದಾಗ ಎಚ್ಚರಿಕೆಯ ಗಂಟೆ ಮೊಳಗಿತು, ರಸ್ತೆಯ ಗೇಟುಗಳು ಮುಚ್ಚಿದವು. ಕೆಸರುಪ್ರವಾಹ ಟಂಗಿವಾಯ್‌ನ ಹೊಸ ಸೇತುವೆಯ ಕೆಳಗೆ ಹಾದುಹೋಯಿತು. ಒಬ್ಬರೂ ಸಾಯಲಿಲ್ಲ.