ಮಾಕ್ ಡ್ರಾಫ್ಟ್ ಎಷ್ಟು ಮಾಡಿದರೆ ಸಾಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ನಮ್ಮ ಕಂಪನಿಯ ಅಮೆರಿಕದ ಟೀಮಿನವರು ಈ ಸಲ ತಮ್ಮ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್) ಫ್ಯಾಂಟಸಿ ಲೀಗಿಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಮೊದಲು ಮಾಕ್ ಡ್ರಾಫ್ಟ್ (ಸರದಿಯಲ್ಲಿ ಆಟಗಾರರನ್ನು ಆರಿಸುವ ಡ್ರಾಫ್ಟಿನ ತಾಲೀಮು) ಮಾಡು ಅನ್ನುತ್ತಾರೆ. ಅದರಿಂದ ನಿಜವಾಗಲೂ ಉಪಯೋಗ ಇದೆಯಾ? ಎಷ್ಟು ಮಾಡಬೇಕು?

ಉತ್ತರ: ಖಂಡಿತ ಇದೆ. ಆದರೆ ಅಲ್ಲಿ ಕಲಿಯಬೇಕಾದದ್ದು ಯಾರು ಒಳ್ಳೆಯ ಆಟಗಾರ ಅನ್ನುವುದನ್ನಲ್ಲ. ಯಾರು ಎಷ್ಟು ಹೊತ್ತು ಉಳಿದಿರುತ್ತಾರೆ ಅನ್ನುವುದನ್ನು.

ನಮ್ಮ ಕ್ರಿಕೆಟ್ ಫ್ಯಾಂಟಸಿ ಆಪ್‌ಗಳಲ್ಲಿ ಒಬ್ಬನೇ ಆಟಗಾರ ಎಲ್ಲರ ಟೀಮಿನಲ್ಲೂ ಇರಬಹುದು. ಡ್ರಾಫ್ಟ್ ಲೀಗಿನಲ್ಲಿ ಹಾಗಿಲ್ಲ. ಒಬ್ಬರು ತೆಗೆದುಕೊಂಡರೆ ಆ ಆಟಗಾರ ಉಳಿದವರಿಗೆ ಸಿಗುವುದಿಲ್ಲ. ಹೆಚ್ಚಿನ ಲೀಗುಗಳಲ್ಲಿ ಸರದಿ ಹಾವಿನ ಹಾಗೆ ತಿರುಗುತ್ತದೆ, ಅದಕ್ಕೇ ಸ್ನೇಕ್ ಡ್ರಾಫ್ಟ್ ಅನ್ನುವುದು. 12 ಜನರ ಲೀಗಿನಲ್ಲಿ ಮೊದಲ ಸುತ್ತು 1ರಿಂದ 12, ಎರಡನೆಯದು 12ರಿಂದ 1.

ನಿಮ್ಮದು 3ನೇ ಜಾಗ ಅಂದುಕೊಳ್ಳಿ. ನಿಮಗೆ ಸಿಗುವುದು 3, 22, 27, 46, 51ನೇ ಆಯ್ಕೆಗಳು. 3ಕ್ಕೂ 22ಕ್ಕೂ ನಡುವೆ 18 ಆಟಗಾರರು ಹೋಗಿಬಿಡುತ್ತಾರೆ. ಈ ಕಾಯುವಿಕೆ ಹೇಗಿರುತ್ತದೆ ಅಂತ ಓದಿ ತಿಳಿಯುವುದಿಲ್ಲ, ಕೂತು ಅನುಭವಿಸಬೇಕು. 22ಕ್ಕೂ 27ಕ್ಕೂ ನಡುವೆ ಮಾತ್ರ ಕಥೆಯೇ ಬೇರೆ. ಅಲ್ಲಿ ಆರಿಸುವುದು 1 ಮತ್ತು 2ನೇ ಜಾಗದ ಇಬ್ಬರೇ, ತಲಾ ಎರಡು ಸಲ. ಅವರಿಬ್ಬರ ಬಳಿ ಆಗಲೇ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಇದ್ದರೆ ನಿಮಗೆ ಬೇಕಾದ ಕ್ವಾರ್ಟರ್‌ಬ್ಯಾಕ್‌ಗಾಗಿ ನೀವು 27ರವರೆಗೆ ಕಾಯಬಹುದು. 22ರಲ್ಲಿ ಮೊದಲು ಇನ್ನೊಬ್ಬ ರಿಸೀವರ್‌ನನ್ನು (ಎಸೆದ ಚೆಂಡು ಹಿಡಿಯುವವನು) ಹಿಡಿದುಕೊಳ್ಳಿ. ಪಕ್ಕದವರ ಪಟ್ಟಿ ನೋಡುವ ಈ ಅಭ್ಯಾಸಕ್ಕಾಗಿಯೇ ನಾನು ಮಾಕ್ ಡ್ರಾಫ್ಟ್ ಮಾಡಿ ಅನ್ನುವುದು.

ಇಎಸ್‌ಪಿಎನ್, ಯಾಹೂ, ಸ್ಲೀಪರ್ ಮೂರು ಆಪ್‌ಗಳಲ್ಲೂ ಇದು ಪುಕ್ಕಟೆ. ನಿಮ್ಮ ಲೀಗ್ ಯಾವುದರಲ್ಲಿದೆಯೋ ಅಲ್ಲೇ ಮಾಡಿ. ಪ್ರತಿ ಆಪ್‌ನ ಆಟಗಾರರ ಪಟ್ಟಿಯ ಕ್ರಮ ಬೇರೆ, ಜನ ಕಣ್ಣೆದುರು ಇರುವ ಪಟ್ಟಿಯಿಂದಲೇ ಆರಿಸುವುದು ಜಾಸ್ತಿ. ನಿಯಮಗಳೂ ಹೊಂದಬೇಕು. ಪ್ರತಿ ಕ್ಯಾಚಿಗೆ 1 ಪಾಯಿಂಟ್ ಕೊಡುವ ಪಿಪಿಆರ್ ಲೀಗಿನಲ್ಲಿ ವೈಡ್ ರಿಸೀವರ್‌ಗಳು ಬೇಗ ಹೋಗುತ್ತಾರೆ. ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನೂ ಆಡಿಸಬಹುದಾದ ಸೂಪರ್‌ಫ್ಲೆಕ್ಸ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ಮೊದಲ ಸುತ್ತಿನಲ್ಲೇ ಖಾಲಿಯಾಗುತ್ತಾ ಬರುತ್ತಾರೆ. ನಾನು ಮೊದಲ ವರ್ಷ 10 ಜನರ ಮಾಕ್ ಮಾಡಿ 12 ಜನರ ಲೀಗಿಗೆ ಹೋಗಿದ್ದೆ. ಅಲ್ಲಿ 18ಕ್ಕೆ ಬರುತ್ತಿದ್ದ ನನ್ನ ಎರಡನೇ ಸರದಿ ಇಲ್ಲಿ 22ಕ್ಕೆ ಬಂತು. ಅಂದುಕೊಂಡಿದ್ದ ರನ್ನಿಂಗ್ ಬ್ಯಾಕ್‌ಗಳೆಲ್ಲ (ಚೆಂಡು ಹಿಡಿದು ಓಡುವವರು) ಅಷ್ಟರಲ್ಲಿ ಹೋಗಿದ್ದರು. ಆ ಬೇಜಾರು ಇನ್ನೂ ನೆನಪಿದೆ.

ಒಂದು ಎಚ್ಚರಿಕೆ. ಮಾಕ್‌ನಲ್ಲಿ ತುಂಬಾ ಜನ ನಾಲ್ಕೈದು ಸುತ್ತು ಆಡಿ ಎದ್ದು ಹೋಗುತ್ತಾರೆ. ಆಮೇಲೆ ಅವರ ಪರವಾಗಿ ಆರಿಸುವುದು ಕಂಪ್ಯೂಟರ್. ಹಾಗಾಗಿ ಕೊನೆಯ ಸುತ್ತುಗಳನ್ನು ಅಷ್ಟಾಗಿ ನಂಬಬೇಡಿ. ನೀವು ಮಾತ್ರ ಕೊನೆಯವರೆಗೂ ಕೂತಿರಿ. ಬೆಂಚ್ ತುಂಬುವುದು, ಕಿಕ್ಕರ್ (ಚೆಂಡು ಒದೆಯುವವನು) ಮತ್ತು ಡಿಫೆನ್ಸ್ (ಒಂದು ತಂಡದ ಇಡೀ ರಕ್ಷಣಾ ಪಡೆ) ಅನ್ನು ಕೊನೆಯ ಎರಡು ಸುತ್ತಿಗೆ ಬಿಡುವುದು, ಇದೆಲ್ಲ ರೂಢಿಯಾಗಬೇಕು.

ಯಾವಾಗ ಮಾಡಬೇಕು? ಸೀಸನ್ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಜುಲೈನ ಲೆಕ್ಕ ಆಗಸ್ಟ್ ಕೊನೆಗೆ ಹಳತಾಗಿರುತ್ತದೆ. 2021ರ ಆಗಸ್ಟ್ 28ರಂದು ಬಾಲ್ಟಿಮೋರ್ ರೇವನ್ಸ್‌ನ ರನ್ನಿಂಗ್ ಬ್ಯಾಕ್ ಜೆ.ಕೆ. ಡಾಬಿನ್ಸ್ ಪ್ರೀಸೀಸನ್ ಪಂದ್ಯದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು ಇಡೀ ಸೀಸನ್ ಆಡಲಿಲ್ಲ. ಅದಕ್ಕೂ ಮೊದಲು ಡ್ರಾಫ್ಟ್ ಮುಗಿಸಿ ಅವನನ್ನು ತೆಗೆದುಕೊಂಡವರು ಏನೂ ಮಾಡುವಂತಿರಲಿಲ್ಲ. ಆದ್ದರಿಂದ ಮಾಕ್‌ಗೆ ಡ್ರಾಫ್ಟಿನ ಮುಂಚಿನ ಕೊನೆಯ ಎರಡು ವಾರ ಸಾಕು.

ಎಷ್ಟು ಅಂದರೆ, ನನ್ನ ಪ್ರಕಾರ ಆರರಿಂದ ಎಂಟು. ನಿಮ್ಮ ಜಾಗ ಮೊದಲೇ ಗೊತ್ತಿದ್ದರೆ ಎಲ್ಲವೂ ಅದೇ ಜಾಗದಿಂದ. ಗೊತ್ತಿಲ್ಲದಿದ್ದರೆ ಮೊದಲು, ನಡುವೆ, ಕೊನೆ ಹೀಗೆ ಹಂಚಿಕೊಳ್ಳಿ. ಪ್ರತಿ ಸಲ ಮುಗಿದ ಮೇಲೆ ಒಂದೇ ಸಾಲು ಬರೆದಿಡಿ: ಯಾವ ಆಯ್ಕೆಯಲ್ಲಿ ಗಾಬರಿಯಾಯಿತು, ಆಗ ಯಾರು ಯಾರು ಉಳಿದಿದ್ದರು. ಗಾಬರಿ ನಿಂತ ದಿನ ಮಾಕ್ ನಿಲ್ಲಿಸಿ.

ಇನ್ನು ನಿಮಗೇ ಅಂತ ಒಂದು ಮಾತು. ನ್ಯೂಯಾರ್ಕಿನ ರಾತ್ರಿ 8 ಗಂಟೆ ಅಂದರೆ ಆಗಸ್ಟ್‌ನಲ್ಲಿ ನಮಗೆ ಮಾರನೆಯ ಬೆಳಗಿನ ಜಾವ 5:30. ಒಂದೆರಡು ಮಾಕ್ ಅದೇ ಹೊತ್ತಿಗೆ ಎದ್ದು ಮಾಡಿ. ಡ್ರಾಫ್ಟಿನ ಹಿಂದಿನ ರಾತ್ರಿ ನಿಮಗೆ ಬೇಕಾದ ಆಟಗಾರರನ್ನು ಕ್ಯೂನಲ್ಲಿ ಸಾಲಾಗಿ ಹಾಕಿಟ್ಟು ಮಲಗಿ. ಎಚ್ಚರವಾಗದಿದ್ದರೂ ಕಂಪ್ಯೂಟರ್ ನಿಮ್ಮ ಸಾಲಿನಿಂದಲೇ ಆರಿಸುತ್ತದೆ.